ಎರಡು ತೆಂಗಿನ ಮರದ ನಡುವಿನ ದೂರ

ಅಟ್ಟದಿಂದ ಕಾಯಿ ಇಳಿಸುವ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಆಸೆ. ತುರುವೇಕೆರೆ ತಾಲ್ಲೂಕಿನ ನಮ್ಮೂರಲ್ಲಿ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿರಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದು ಬಂದರೆ ಮಾತ್ರ ಅದು ಉಂಡೆ ಕೊಬ್ಬರಿ. ಅಲ್ಲಿಯವರೆಗೆ ಯಾರು ಏನು ಕೇಳಿದರೂ ಅಪ್ಪನದು ಒಂದೇ ಉತ್ತರ: ‘ಕೊಬ್ಬರಿ ಹಾಕಿದ್ ಮೇಲೆ ನೋಡಾನ.’

ಕಳೆದ ವರ್ಷ ಆ ದಿನ ಅಮ್ಮ ಮಿಕ್ಸಿ ಕೇಳಿದಳು. ತಮ್ಮ ಬೈಕಿಗೆ ಟೈರ್ ಕೇಳಿದ. ನಾನು ‘ರೈಫಲ್’ ಅಂದೆ.

ಅಮ್ಮ ಮೊರದ ಕೈ ನಿಲ್ಲಿಸಿ ನೋಡಿದಳು. ಅಪ್ಪ ನಗಲಿಲ್ಲ. ‘ಎಷ್ಟಾಯ್ತದವ್ವಾ?’ ಎಂದು ಕೇಳಿದರು.

‘ಎರಡು ಲಕ್ಷದ ನಲವತ್ತು ಸಾವಿರ.’

ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರು. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ‘ಇಪ್ಪತ್ತು ಕ್ವಿಂಟಾಲ್ ಆಯ್ತು. ನಮ್ಮ ಅಟ್ಟದಲ್ಲಿರೋದೇ ಹದಿನಾಲ್ಕು’ ಎಂದರು. ಅಷ್ಟೇ. ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ.

ಆ ರೈಫಲ್ ಅನ್ನು ನಾನು ಇವತ್ತಿಗೂ ಕೊಂಡಿಲ್ಲ. ಆದರೂ ಈ ಒಂದು ವರ್ಷದಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳಬಾರದು ಎಂಬುದು ಒಂದಿಷ್ಟು ತಿಳಿದಿದೆ. ನನ್ನ ಹಾಗೆ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಐದು ಗುಂಡು ಹೊಡೆದು, ಅಲ್ಲೇ ಮನಸ್ಸು ಕಳೆದುಕೊಂಡವರು ತುಂಬಾ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಐದು ಗುಂಡಿನ ಹುಚ್ಚು

ದಿನವೂ ತಿಪಟೂರಿಗೆ ಬಸ್ಸಿನಲ್ಲಿ ಓಡಾಡಿ ಪದವಿ ಓದಿದವಳು ನಾನು. ಎರಡನೇ ವರ್ಷದ ವಾರ್ಷಿಕ ಶಿಬಿರದಲ್ಲಿ ಮೊದಲ ಸಲ .22 ಡೀಲಕ್ಸ್ ರೈಫಲ್ ಕೈಗೆ ಬಂತು. ಮೂರು ಕೆ.ಜಿ.ಯೂ ಇಲ್ಲದ ಹಗುರ ರೈಫಲ್. ಗುರಿ 25 ಗಜ ದೂರದಲ್ಲಿ. ನೆಲದ ಮೇಲೆ ಬೋರಲು ಮಲಗಿ, ಎಡಗಣ್ಣು ಬಿಗಿಯಾಗಿ ಮುಚ್ಚಿ ಐದು ಗುಂಡು ಹೊಡೆದೆ. ಹವಾಲ್ದಾರರು ಟಾರ್ಗೆಟ್ ತಂದು ತೋರಿಸಿದರು. ಐದೂ ರಂಧ್ರಗಳು ಒಂದು ಹಿಡಿಯೊಳಗೆ ಬಿದ್ದಿದ್ದವು, ಆದರೆ ನಡುವಿನಿಂದ ಎಡಕ್ಕೆ, ಕೆಳಕ್ಕೆ. ‘ಗ್ರೂಪಿಂಗ್ ಚೆನ್ನಾಗಿದೆ. ನಡುಮಧ್ಯಕ್ಕೆ ತರೋದು ರೈಫಲ್ ಕೆಲಸ, ಗುಂಪು ಮಾಡೋದು ನಿನ್ನ ಕೆಲಸ’ ಎಂದರು.

ಆ ಮಾತಿನ ಅರ್ಥ ಆಗ ಪೂರ್ತಿ ಆಗಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ವಿಡಿಯೊ ನೋಡತೊಡಗಿದೆ. ಸಾವಿರ ಮೀಟರ್ ದೂರದ ಕಬ್ಬಿಣದ ತಟ್ಟೆಗೆ ‘ಟಣ್’ ಎನ್ನಿಸುವವರು, ತೋಳುದ್ದದ ದುರ್ಬೀನು, ಎರಡು ಕಾಲಿನ ಸ್ಟ್ಯಾಂಡು. ದೂರಕ್ಕೆ ಹೊಡೆಯುವವರೇ ಶೂಟರ್ ಎಂದು ತಲೆಯಲ್ಲಿ ಕೂತುಬಿಟ್ಟಿತು.

ಮೊದಲ ತಪ್ಪು

ಚಿಕ್ಕನಾಯಕನಹಳ್ಳಿಯ ಸೋದರಮಾವನಿಗೆ ವಿಷಯ ತಿಳಿದು ಉತ್ಸಾಹ ಬಂತು. ‘ದುರ್ಬೀನ್ ಇರೋದು ಒಂದು ತಗೊಳ್ಳಮ್ಮಿ, ನಿನಗೂ ಪ್ರಾಕ್ಟೀಸ್ ಆಯ್ತದೆ, ನನ್ ತೋಟದ ಕೋತಿಗೂ ಬುದ್ಧಿ ಬತ್ತದೆ’ ಎಂದರು. ಅವರದು ಅರ್ಧ, ನನ್ನ ವಿದ್ಯಾರ್ಥಿವೇತನದ್ದು ಅರ್ಧ ಸೇರಿಸಿ, ಒಂಬತ್ತು ಸಾವಿರಕ್ಕೆ ಸ್ಪ್ರಿಂಗಿನ ಏರ್‌ಗನ್ ಒಂದನ್ನು ತಂದೆವು. ನಳಿಗೆಯನ್ನು ಮಡಚಿ ಗಾಳಿ ತುಂಬುವಂಥದ್ದು. ಮೇಲೊಂದು ದುರ್ಬೀನು ಉಚಿತ.

ಒಂದು ತಿಂಗಳು ಹೊಡೆದೆ. ಇವತ್ತು ನೇರಕ್ಕೆ ಬಿದ್ದದ್ದು ನಾಳೆ ಒಂದು ಗೇಣು ಆಚೆ ಬೀಳುತ್ತಿತ್ತು. ಸ್ಪ್ರಿಂಗ್ ಒದೆಯುವ ಏಟಿಗೆ ದುರ್ಬೀನಿನ ತಿರುಪು ಸಡಿಲವಾಗುತ್ತಿತ್ತು. ನನ್ನ ಕೈಯದೇ ತಪ್ಪೋ, ಗನ್ನಿನ ತಪ್ಪೋ ಗೊತ್ತಾಗುತ್ತಿರಲಿಲ್ಲ. ಕಲಿಯುವವರಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಗುಂಡು ಬಿದ್ದ ಜಾಗ ನಿಜ ಹೇಳಬೇಕು, ಅದು ನಿಜ ಹೇಳದಿದ್ದರೆ ಯಾವುದನ್ನು ತಿದ್ದಿಕೊಳ್ಳುವುದು?

ಕೊನೆಗೆ ಗನ್ನನ್ನು ಚೀಲಕ್ಕೆ ಹಾಕಿಕೊಂಡು, ಬೆಳಗಿನ ರೈಲು ಹತ್ತಿ ಬೆಂಗಳೂರಿನ ಒಂದು ಶೂಟಿಂಗ್ ತರಬೇತಿ ಕೇಂದ್ರಕ್ಕೆ ಹೋದೆ. ಕೋಚ್ ಚೀಲವನ್ನು ನೋಡಿದರು. ‘ಅದು ಅಲ್ಲೇ ಇರಲಿ. ಮೊದಲು ಬರಿಗೈಲಿ ಬಾಮ್ಮಾ’ ಎಂದರು.

ದೂರ ಎಂದರೆ ಎಷ್ಟು?

ಮೊದಲ ಪಾಠ ದೂರದ್ದೇ. ಒಲಿಂಪಿಕ್ಸ್‌ನಲ್ಲಿ ರೈಫಲ್ ಸ್ಪರ್ಧೆಗಳು ಎರಡೇ ದೂರದಲ್ಲಿ ನಡೆಯುತ್ತವೆ: 10 ಮೀಟರ್ ಮತ್ತು 50 ಮೀಟರ್. 300 ಮೀಟರಿನ ದೊಡ್ಡ ರೈಫಲ್ ಸ್ಪರ್ಧೆಗೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾಗವಿದೆ. ನಮ್ಮಲ್ಲಿ ಅದನ್ನು ಆಡುವವರು ಹೆಚ್ಚಾಗಿ ಸೇನೆಯವರು. ಸಾವಿರ ಮೀಟರಿನ ವಿಡಿಯೊಗಳು ಅಮೆರಿಕದಂಥ ದೇಶದವು. ಆ ಬಂದೂಕು, ಆ ಮದ್ದು, ಆ ಬಯಲು ಯಾವುದೂ ಇಲ್ಲಿನ ವಿದ್ಯಾರ್ಥಿಗೆ ದಕ್ಕುವಂಥವಲ್ಲ.

‘ಹತ್ತೇ ಮೀಟರಾ?’ ಎಂದು ನಾನು ಬೇಸರದಿಂದ ಕೇಳಿದ್ದೆ. ನಮ್ಮ ತೋಟದಲ್ಲಿ ಮರದಿಂದ ಮರಕ್ಕೆ ಮೂವತ್ತು ಅಡಿ. ಅದಕ್ಕೆ ಒಂದು ಹೆಜ್ಜೆ ಸೇರಿಸಿದರೆ ಹತ್ತು ಮೀಟರ್ ಆಯಿತು. ಅಷ್ಟು ಹತ್ತಿರಕ್ಕೆ ಕಲ್ಲು ಬೀಸಿದರೂ ಗುರಿ ತಪ್ಪುವುದಿಲ್ಲ.

ಕೋಚ್ ಟಾರ್ಗೆಟ್ ಕಾಗದವನ್ನು ಕೈಗಿತ್ತರು. ನಡುವಿನ ಕಪ್ಪು ವೃತ್ತ 30.5 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡದು. ಅದರ ಒಳಗೆ ಹತ್ತು ಅಂಕದ ಜಾಗ ಬರೀ ಅರ್ಧ ಮಿಲಿಮೀಟರ್. ಬಾಲ್‌ಪೆನ್ನಿನಿಂದ ಇಟ್ಟ ಒಂದು ಚುಕ್ಕೆ. ಅದಕ್ಕೆ ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ, 75 ನಿಮಿಷದಲ್ಲಿ 60 ಗುಂಡು. ಒಂದೊಂದಕ್ಕೂ ಹೆಚ್ಚೆಂದರೆ 10.9, ಒಟ್ಟು 654. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು, ಗಗನ್ ನಾರಂಗ್ 2012ರಲ್ಲಿ ಲಂಡನ್ನಿನಲ್ಲಿ ಕಂಚು ಗೆದ್ದದ್ದು ಇದೇ ಹತ್ತು ಮೀಟರಿನಲ್ಲಿ. ನಮ್ಮ ಕರ್ನಾಟಕದ ಮೇಘನಾ ಸಜ್ಜನರ್ 2025ರ ಸೆಪ್ಟೆಂಬರ್‌ನಲ್ಲಿ ಚೀನಾದ ನಿಂಗ್ಬೋ ವಿಶ್ವಕಪ್‌ನಲ್ಲಿ ಕಂಚು ಪಡೆದದ್ದೂ ಇದರಲ್ಲೇ.

ಐವತ್ತು ಮೀಟರ್ ಆಮೇಲಿನ ಮಾತು. ಕೊಲ್ಹಾಪುರ ಜಿಲ್ಲೆಯ ಹಳ್ಳಿಯೊಂದರ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ: ಮಂಡಿಯೂರಿ, ಬೋರಲು ಮಲಗಿ, ನಿಂತು. ದೂರಕ್ಕೆ ಹೊಡೆಯಬೇಕೆಂಬ ಆಸೆಯಿದ್ದರೆ ದಾರಿ ಹತ್ತರಿಂದ ಐವತ್ತಕ್ಕೆ. ಹತ್ತು ಮೀಟರಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದ ಕೈ, ಐವತ್ತರಲ್ಲಿ ಐದು ಪಟ್ಟು ತಪ್ಪುತ್ತದೆ.

ಕಾನೂನು ಏನು ಹೇಳುತ್ತದೆ?

ಹತ್ತು ಮೀಟರಿನಿಂದ ಶುರು ಮಾಡಲು ಇನ್ನೊಂದು ಕಾರಣ ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, 4.5 ಮಿ.ಮೀ. (.177) ನಳಿಗೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲ್‌ಗಳ ಶಕ್ತಿ ಇದರ ಅರ್ಧಕ್ಕೂ ಕಡಿಮೆ. ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ, ಕೊಡಿ. ಬಿಲ್ ಇಲ್ಲದೆ ಕೊಳ್ಳಬೇಡಿ. ರೈಲು, ಬಸ್ಸಿನಲ್ಲಿ ಒಯ್ಯುವಾಗ ಬಿಲ್ಲಿನ ಪ್ರತಿ, ಕ್ಲಬ್ಬಿನ ಗುರುತಿನ ಚೀಟಿ ಜೊತೆಗಿರಲಿ. ರೈಫಲ್ ಪೆಟ್ಟಿಗೆಯೊಳಗೆ ಖಾಲಿ ಇರಲಿ.

.22 ರೈಫಲ್ ಹಾಗಲ್ಲ. ಅದು ಬಂದೂಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಬೇಕೇ ಬೇಕು. ಆರಂಭದಲ್ಲಿ ಅದನ್ನು ಕೊಳ್ಳುವ ಯೋಚನೆಯನ್ನೇ ಬಿಡಿ. ಎನ್‌ಸಿಸಿಯಲ್ಲಾಗಲಿ, ಮಾನ್ಯತೆ ಇರುವ ಕ್ಲಬ್ಬಿನ ರೇಂಜಿನಲ್ಲಾಗಲಿ ಅವರದೇ ರೈಫಲ್‌ನಲ್ಲಿ, ಅವರ ಕಣ್ಣೆದುರಿನಲ್ಲಿ ಕಲಿಯಬಹುದು. ‘ಲೈಸೆನ್ಸ್ ಇಲ್ಲದೇ ಕೊಡಿಸ್ತೀನಿ’ ಎನ್ನುವವರು ಸಿಕ್ಕರೆ ದೂರ ಸರಿಯಿರಿ. ಪೊಲೀಸ್ ಕೇಸಾದರೆ ರೈಫಲ್ ಜೊತೆಗೆ ಸರ್ಕಾರಿ ನೌಕರಿಯ ಕನಸೂ ಹೋಗುತ್ತದೆ.

ರೈಫಲ್‌ಗಿಂತ ಮೊದಲು ಕಣ್ಣು

ಕೋಚ್ ಎರಡನೆಯದಾಗಿ ಮಾಡಿಸಿದ್ದು ಒಂದು ಸಣ್ಣ ಪರೀಕ್ಷೆ. ನೀವೂ ಈಗಲೇ ಮಾಡಿ ನೋಡಿ. ಎರಡೂ ಕೈ ಮುಂದೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ತಂದು ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ತೆಂಗಿನ ಮರದ ಒಂದು ಗೊನೆಯನ್ನು ನೋಡಿ. ಈಗ ಎಡಗಣ್ಣು ಮುಚ್ಚಿ. ಗೊನೆ ಅಲ್ಲೇ ಇದ್ದರೆ ನಿಮ್ಮದು ಬಲಗಣ್ಣಿನ ಆಳ್ವಿಕೆ. ಮಾಯವಾದರೆ ಎಡಗಣ್ಣಿನದು.

ನನಗೆ ಮಾಯವಾಯಿತು. ಬಲಗೈಯವಳು, ಎಡಗಣ್ಣಿನವಳು! ಎನ್‌ಸಿಸಿಯಲ್ಲಿ ಐದೇ ಗುಂಡು, ಎಡಗಣ್ಣು ಬಿಗಿದು ಮುಚ್ಚಿ ಹೊಡೆದಿದ್ದೆ. ಅರವತ್ತು ಗುಂಡಿನ ತನಕ ಹಾಗೆ ಮುಚ್ಚಿಕೊಂಡರೆ ತೆರೆದ ಕಣ್ಣೂ ದಣಿದು ಮಂಜಾಗುತ್ತದೆ. ಮುಚ್ಚದಿದ್ದರೆ ಎಡಗಣ್ಣು ನಡುವೆ ಬಾಯಿ ಹಾಕುತ್ತದೆ.

ಪರಿಹಾರ ಎರಡು. ಎಡ ಭುಜಕ್ಕಿಟ್ಟು ಹೊಡೆಯಲು ಕಲಿಯುವುದು, ಇಲ್ಲವೇ ಎಡಗಣ್ಣಿನ ಮುಂದೆ ಮರೆ ಕಟ್ಟುವುದು. ಹಿಂದಿನ ಸೈಟಿಗೆ ಸಿಕ್ಕಿಸುವ ಈ ಮರೆಗೆ ಬ್ಲೈಂಡರ್ ಎನ್ನುತ್ತಾರೆ. ಅದರ ಎತ್ತರ 30 ಮಿ.ಮೀ. ಮೀರಬಾರದೆಂದು ನಿಯಮವೇ ಇದೆ. ನಾನು ಅದನ್ನು ಮಾಡಿದ್ದು ಚಿಕ್ಕಮ್ಮನ ಮಗಳ ಲಗ್ನಪತ್ರಿಕೆ ಕತ್ತರಿಸಿ. ಎರಡು ಕಣ್ಣೂ ತೆರೆದಿರುತ್ತವೆ, ಎಡಗಣ್ಣಿಗೆ ಬರೀ ಬಿಳಿ ಕಾಣುತ್ತದೆ. ಒಂಬತ್ತು ಸಾವಿರದ ಗನ್ ಹೇಳದ ಸತ್ಯವನ್ನು ಒಂದು ಕಾಗದದ ತುಂಡು ಹೇಳಿತು. ಈ ಪರೀಕ್ಷೆ ಮಾಡದೆ ಬಲಗೈಗೆ ಕೆತ್ತಿದ ರೈಫಲ್‌ಗೆ ಎರಡು ಲಕ್ಷ ಕೊಟ್ಟು, ಆಮೇಲೆ ಎಡಕ್ಕೆ ಬದಲಾಯಿಸಬೇಕಾಗಿ ಬಂದಿದ್ದರೆ?

ಆಮೇಲೆ ಅಳತೆ. ರೈಫಲಿನ ಹಿಂಬದಿಯನ್ನು ಮೊಳಕೈ ಮಡಿಕೆಗೆ ಒತ್ತಿಟ್ಟಾಗ ತೋರುಬೆರಳಿನ ಮೊದಲ ಗೆಣ್ಣು ಸಲೀಸಾಗಿ ಟ್ರಿಗರಿಗೆ ತಾಕಬೇಕು. ಬೆರಳು ಎಳೆದಾಡಿದರೆ ರೈಫಲ್ ಉದ್ದವಾಯಿತು. ಕೆನ್ನೆಯನ್ನು ಹಲಗೆಯ ಮೇಲೆ ಸುಮ್ಮನೆ ಇಳಿಬಿಟ್ಟಾಗ ಕಣ್ಣು ಸೈಟಿನ ಎದುರಿಗೇ ಬರಬೇಕು, ಕತ್ತು ಚಾಚಬಾರದು. ಒಳ್ಳೆಯ ರೈಫಲ್‌ಗೆ ದುಡ್ಡು ಕೊಡುವುದೇ ಇದಕ್ಕೆ: ಕೆನ್ನೆಯ ಹಲಗೆ, ಭುಜದ ಕೊಕ್ಕೆ, ಉದ್ದ, ಟ್ರಿಗರ್ ಎಲ್ಲವನ್ನೂ ನಮ್ಮ ಮೈಗೆ ತಕ್ಕಂತೆ ಸರಿಸಬಹುದು. ತೂಕ 5.5 ಕೆ.ಜಿ. ಮೀರುವಂತಿಲ್ಲ. ನನ್ನಂಥ ಸಣ್ಣ ಮೈಯವರಿಗೆ ನಾಲ್ಕು ಕೆ.ಜಿ.ಯಷ್ಟು ಸಾಕು. ರೇಷನ್ ಅಂಗಡಿಯ ಐದು ಕೆ.ಜಿ. ಅಕ್ಕಿಯನ್ನು ಒಂದು ಗಂಟೆ ಎದೆಯ ಮಟ್ಟದಲ್ಲಿ ಎತ್ತಿ ಇಳಿಸಿ ನೋಡಿ, ಅರ್ಥವಾಗುತ್ತದೆ.

ಸ್ಪ್ರಿಂಗೋ, ಸಿಲಿಂಡರೋ?

ಏರ್ ರೈಫಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಪ್ರಿಂಗಿನದು ಅಗ್ಗ. ಗಾಳಿ ತುಂಬುವ ತಾಪತ್ರಯವಿಲ್ಲ. ಆದರೆ ಗುಂಡು ನಳಿಗೆ ಬಿಡುವ ಮೊದಲೇ ಒಳಗಿನ ಸ್ಪ್ರಿಂಗ್ ನುಗ್ಗಿ ರೈಫಲ್ ಅಲ್ಲಾಡುತ್ತದೆ. ಪ್ರತಿ ಸಲ ಒಂದೇ ರೀತಿ ಹಿಡಿದರಷ್ಟೇ ಒಂದೇ ಕಡೆ ಬೀಳುತ್ತದೆ. ಇನ್ನೊಂದು ಒತ್ತಿದ ಗಾಳಿಯ ಸಿಲಿಂಡರಿನದು. ಒದೆತ ಬಹುತೇಕ ಇಲ್ಲ. ವಾಲ್ಥರ್, ಫೈನ್‌ವರ್ಕ್‌ಬಾವ್, ಸ್ಟೈಯರ್, ಆನ್‌ಶುಟ್ಸ್ ಎಂದು ರೇಂಜಿನಲ್ಲಿ ಕೇಳಿಬರುವ ಹೆಸರುಗಳೆಲ್ಲ ಈ ಬಗೆಯ ಜರ್ಮನಿ, ಆಸ್ಟ್ರಿಯಾ ರೈಫಲ್‌ಗಳು. ನಾನು ಅಪ್ಪನಿಗೆ ಹೇಳಿದ ಬೆಲೆ ಅಂಥದ್ದೊಂದರದು. ನಮ್ಮ ದೇಶದಲ್ಲೂ ಪ್ರಿಸಿಹೋಲ್‌ನಂಥ ಕಂಪನಿಗಳು ಏರ್ ರೈಫಲ್ ಮಾಡುತ್ತವೆ, ಬೆಲೆ ಅದಕ್ಕಿಂತ ಎಷ್ಟೋ ಕಡಿಮೆ.

ದುಡ್ಡಿಲ್ಲದವರು ಕೈಚೆಲ್ಲಬೇಕಿಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ‘ಓಪನ್ ಸೈಟ್’ ಎಂಬ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ಸಾಧಾರಣ ಸೈಟಿನ ರೈಫಲ್ ಸಾಕು. ‘ಪೀಪ್ ಸೈಟ್’ ಎಂದರೆ ಹಿಂದೆ ಸಣ್ಣ ತೂತು, ಮುಂದೆ ಒಂದು ಉಂಗುರ, ಎರಡರ ನಡುವೆ ಕಪ್ಪು ಗುರಿ. ಅಂತರರಾಷ್ಟ್ರೀಯ ಸ್ಪರ್ಧೆ ಇದರಲ್ಲೇ. ಎರಡರಲ್ಲೂ ದುರ್ಬೀನಿಗೆ ಜಾಗವಿಲ್ಲ. ನನ್ನ ಗನ್ನಿನ ಮೇಲಿದ್ದ ‘ಉಚಿತ’ ದುರ್ಬೀನು ಯಾವ ಸ್ಪರ್ಧೆಗೂ ಬರುವಂಥದ್ದಾಗಿರಲಿಲ್ಲ.

ಸಿಲಿಂಡರ್ ರೈಫಲ್ ಕೊಳ್ಳುವ ಮುನ್ನ ನಮ್ಮೂರಿನವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಗಾಳಿ ಎಲ್ಲಿ ತುಂಬಿಸುವುದು? ಅದಕ್ಕೆ ಬೇಕಾದ ಒತ್ತಡ 200 ಬಾರ್. ಪಂಕ್ಚರ್ ಅಂಗಡಿಯವರು ಕಾರಿನ ಟೈರಿಗೆ ತುಂಬುವುದು ಎರಡು ಬಾರ್ ಚಿಲ್ಲರೆ. ತಿಪಟೂರಿನಲ್ಲಿ ನಾನು ಇದನ್ನು ಕೇಳಿದಾಗ ಅಂಗಡಿಯ ಅಣ್ಣ, ‘ಏನಮ್ಮ, ವಿಮಾನದ್ ಚಕ್ರಕ್ಕಾ?’ ಎಂದು ನಕ್ಕ. ಕೈಪಂಪು ಬರುತ್ತದೆ, ಒತ್ತಲು ರಟ್ಟೆಬಲ ಬೇಕು. ಇಲ್ಲವೇ ರೇಂಜಿನಲ್ಲಿ ದೊಡ್ಡ ಸಿಲಿಂಡರಿನಿಂದ ತುಂಬಿಸಿಕೊಳ್ಳಬೇಕು. ಬೆಸುಗೆ ಅಂಗಡಿಯ ಆಮ್ಲಜನಕದ ಸಿಲಿಂಡರಿನಿಂದ ಮಾತ್ರ ಎಂದೂ ತುಂಬಿಸಬೇಡಿ. ಒಳಗಿನ ಎಣ್ಣೆಗೆ ಆಮ್ಲಜನಕ ಸೇರಿದರೆ ಸಿಡಿಯುತ್ತದೆ.

ಅಪ್ಪ ಕಂಡುಹಿಡಿದ ತಾರೀಕು

ಅಟ್ಟದ ಲೆಕ್ಕ ಕೇಳಿದ ಮೇಲೆ ನಾನು ಹಳೆಯ ರೈಫಲ್ ಹುಡುಕಿದೆ. ತೊಂಬತ್ತು ಸಾವಿರಕ್ಕೆ ಜರ್ಮನಿಯದೊಂದು ಇದೆ ಎಂದು ಒಬ್ಬರು ಹೇಳಿದರು. ಅಪ್ಪ ಕೊಬ್ಬರಿ ಹಣವನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಜೊತೆಗೆ ಬಂದರು. ರೈಫಲ್ ಹೊಳೆಯುತ್ತಿತ್ತು. ಭುಜಕ್ಕೆ ಇಟ್ಟುಕೊಂಡೆ, ನನಗೇ ಮಾಡಿದ ಹಾಗಿತ್ತು. ಮಾರುವವರು ಅವಸರಿಸುತ್ತಿದ್ದರು, ಇನ್ನೊಬ್ಬರು ಬರುತ್ತಾರೆ ಅಂತ.

ಅಪ್ಪನಿಗೆ ರೈಫಲ್ ಗೊತ್ತಿಲ್ಲ. ಆದರೆ ಮಂಡಿಯಲ್ಲಿ ಮೂಟೆ ನೋಡಿ ಗೊತ್ತು. ಮೇಲೆ ಬಿಳಿಯ ಉಂಡೆ ಜೋಡಿಸಿ ಅಡಿಯಲ್ಲಿ ಕೌಟು ಇಟ್ಟವರನ್ನು ಕಂಡವರು. ‘ಅಡಿ ನೋಡವ್ವ’ ಅಂದರು. ತಿರುಗಿಸಿದೆ. ನಳಿಗೆಯ ಕೆಳಗಿನ ಸಿಲಿಂಡರಿನ ಮೇಲೆ ಸಣ್ಣ ಅಕ್ಷರದಲ್ಲಿ ತಯಾರಾದ ವರ್ಷ ಕೆತ್ತಿತ್ತು: 2013.

ಕೋಚ್ ಹೇಳಿದ್ದು ಆಗ ನೆನಪಾಯಿತು. ಈ ಸಿಲಿಂಡರುಗಳಿಗೆ ತಯಾರಕರು ಕೊಡುವ ಅವಧಿ ಹತ್ತು ವರ್ಷ. ಅವಧಿ ಮೀರಿದ್ದನ್ನು ಸ್ಪರ್ಧೆಯ ತಪಾಸಣೆಯಲ್ಲಿ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, 200 ಬಾರ್ ಒತ್ತಡದ ಹಳೆಯ ಲೋಹ ನಮ್ಮ ಮುಖದ ಪಕ್ಕದಲ್ಲೇ ಇರುತ್ತದೆ. ಹೊಸ ಸಿಲಿಂಡರಿಗೆ ಮತ್ತೆ ಹತ್ತಾರು ಸಾವಿರ. ಬಿಲ್ ಕೇಳಿದೆವು, ಅದೂ ಇರಲಿಲ್ಲ. ಅಪ್ಪ ಚೀಲ ಕಂಕುಳಲ್ಲಿ ಇಟ್ಟುಕೊಂಡು ಎದ್ದರು.

ಬಸ್ಸಿನಲ್ಲಿ ನಾನು ಅತ್ತೆ. ಅಪ್ಪ ಕಡಲೆಕಾಯಿ ಕೊಡಿಸಿದರು.

ಹಳೆಯದನ್ನು ಕೊಳ್ಳುವವರು ಇಷ್ಟು ನೋಡಿ: ಸಿಲಿಂಡರಿನ ತಾರೀಕು, ಮೂಲ ಬಿಲ್ಲು ಮತ್ತು ಅದರಲ್ಲಿನ ನಂಬರು ರೈಫಲಿನ ಮೇಲಿನದಕ್ಕೆ ಹೊಂದುವುದೇ ಎಂಬುದು, ರಾತ್ರಿಯಿಡೀ ಬಿಟ್ಟರೆ ಗಾಳಿ ಇಳಿಯುತ್ತದೆಯೇ ಎಂಬುದು. ಆಸರೆಯ ಮೇಲಿಟ್ಟು ಹತ್ತು ಗುಂಡು ಹೊಡೆದರೆ ಹತ್ತೂ ಹೆಚ್ಚುಕಡಿಮೆ ಒಂದೇ ರಂಧ್ರ ಆಗಬೇಕು. ಒಬ್ಬರೇ ಹೋಗಬೇಡಿ. ರೈಫಲ್ ಗೊತ್ತಿರುವವರೊಬ್ಬರು, ವ್ಯಾಪಾರ ಗೊತ್ತಿರುವವರೊಬ್ಬರು ಜೊತೆಗಿರಲಿ.

ಉಳಿದ ಸಾಮಾನು, ಯಾವುದು ಮೊದಲು?

ಅಂಗಡಿಯ ಪಟ್ಟಿ ಉದ್ದವಾಗಿರುತ್ತದೆ. ಎಲ್ಲವೂ ಬೇಕು, ಆದರೆ ಎಲ್ಲವೂ ಇವತ್ತೇ ಬೇಡ. ನನಗೆ ಸಿಕ್ಕ ಕ್ರಮ ಹೀಗಿದೆ.

ಮೊದಲು ತರಬೇತಿಯ ಶುಲ್ಕ. ಅದು ಸಾಮಾನಲ್ಲ ಅನ್ನಿಸಬಹುದು, ಆದರೆ ಉಳಿದೆಲ್ಲ ಸಾಮಾನಿನ ದುಡ್ಡು ಉಳಿಸುವುದು ಅದೇ. ಕ್ಲಬ್ಬಿನ ರೈಫಲ್ ಅದರಲ್ಲೇ ಸಿಗುತ್ತದೆ.

ಎರಡನೆಯದು ಒಳ್ಳೆಯ ಪೆಲೆಟ್. ಮುಂಭಾಗ ಚಪ್ಪಟೆ ಇರುವ, ಅರ್ಧ ಗ್ರಾಂ ತೂಗುವ ಸೀಸದ ಗುಂಡು. ಕಾಗದದಲ್ಲಿ ದುಂಡಗೆ, ನೀಟಾಗಿ ರಂಧ್ರ ಕೊರೆಯುವುದರಿಂದ ಅಂಕ ಎಣಿಸುವುದು ಸುಲಭ. ಅಗ್ಗದವು ಒಂದರಂತೆ ಒಂದಿರುವುದಿಲ್ಲ. ಒಂದು ಡಬ್ಬಿಯಲ್ಲಿ 500 ಇರುತ್ತವೆ. ಒಂದು ಹೆಸರಿನದನ್ನು ಆರಿಸಿಕೊಂಡು ಅದನ್ನೇ ಬಳಸಿ. ಸೀಸ ವಿಷ, ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಮೂರನೆಯದು ಜಾಕೆಟ್. ದಪ್ಪ ಕ್ಯಾನ್ವಾಸಿನ ಈ ಕೋಟು ಬೆನ್ನಿಗೆ ಆಸರೆ. ಅದಿಲ್ಲದೆ ದಿನವೂ ನಿಂತು ಹೊಡೆದರೆ ಸೊಂಟ ನೋವು ಗ್ಯಾರಂಟಿ. ಬಟ್ಟೆಯ ದಪ್ಪ 2.5 ಮಿ.ಮೀ. ಮೀರಬಾರದೆಂದು ನಿಯಮ. ನಮ್ಮ ದೇಶದಲ್ಲೇ ಅಳತೆ ಕೊಟ್ಟು ಹೊಲಿಸಬಹುದು. ಬೇರೆಯವರದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ರೈಫಲ್ ತಿರುಪಿನಿಂದ ಸರಿಹೊಂದಿಸಬಹುದು, ಜಾಕೆಟ್ ಆಗದು. ಪ್ಯಾಂಟು, ಅಡಿ ಚಪ್ಪಟೆ ಇರುವ ಬೂಟು, ಎಡಗೈಗೆ ಗ್ಲೌಸು ಒಂದೊಂದಾಗಿ ಆಮೇಲೆ ಬರಲಿ.

ನಾಲ್ಕನೆಯದು ಮನೆಯಲ್ಲಿ ಅಭ್ಯಾಸದ ಜಾಗ. ನಮ್ಮ ಕೊಬ್ಬರಿ ಅಟ್ಟದ ಕೆಳಗಿನ ಶೆಡ್ಡು ಮೂವತ್ತಾರು ಅಡಿ ಉದ್ದ. ತಮ್ಮ ಟೇಪು ಹಿಡಿದು ಹತ್ತು ಮೀಟರ್ ಅಳೆದು ಸುಣ್ಣದ ಗೆರೆ ಎಳೆದ. ಗುರಿಯ ನಡುಭಾಗ ನೆಲದಿಂದ 1.4 ಮೀಟರ್ ಎತ್ತರ. ಅದರ ಹಿಂದೆ ದಪ್ಪ ಹಲಗೆಯ ಪೆಟ್ಟಿಗೆ, ಒಳಗೆ ಒತ್ತಿ ತುಂಬಿದ ಹಳೆ ಬಟ್ಟೆ, ಅದರ ಹಿಂದೆ ಓರೆಯಾಗಿ ಕಬ್ಬಿಣದ ತಗಡು. ಇರುವ ಒಂದೇ ಬಾಗಿಲಿಗೆ ಒಳಗಿನಿಂದ ಚಿಲಕ. ಆ ಸ್ಪ್ರಿಂಗ್ ಗನ್ನಿನ ದುರ್ಬೀನು ಬಿಚ್ಚಿಹಾಕಿ ಅಲ್ಲಿ ಬಳಸುತ್ತೇನೆ. ಬಹುಪಾಲು ದಿನ ಗುಂಡನ್ನೇ ಹಾಕುವುದಿಲ್ಲ, ಸ್ಪ್ರಿಂಗನ್ನೂ ಎಳೆಯುವುದಿಲ್ಲ. ಎತ್ತುವುದು, ಉಸಿರು ಇಳಿಸುವುದು, ಒಂದು ನಿಮಿಷ ಗುರಿಯ ಮೇಲೆ ನಿಲ್ಲಿಸುವುದು, ಇಳಿಸುವುದು. ಇದಕ್ಕೆ ಖರ್ಚಿಲ್ಲ, ಪ್ರಯೋಜನ ಇದರಲ್ಲೇ ಹೆಚ್ಚು.

ರೈಫಲ್ ಕೊನೆಗೆ.

ತೋಟಕ್ಕೆ ಒಯ್ಯಬೇಡಿ

ಮಾವನಿಗೆ ಒಂದು ಮಾತು ಹೇಳಿ ನಿಷ್ಠುರವಾದೆ. ಏರ್‌ಗನ್ ಆಟಿಕೆಯಲ್ಲ. ಹತ್ತಿರದಿಂದ ತಾಗಬಾರದ ಜಾಗಕ್ಕೆ ತಾಗಿದರೆ ಮನುಷ್ಯರ ಪ್ರಾಣವೇ ಹೋಗಬಹುದು. ಎಳನೀರು ಕಿತ್ತು ಬಿಸಾಡುವ ಕೋತಿಯ ಮೇಲೆ ಸಿಟ್ಟು ನಮಗೂ ಇದೆ. ಆದರೆ ಕೋತಿಯಾಗಲಿ ನವಿಲಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಹೊಡೆದರೆ ಜೈಲು. ಮರದ ಮೇಲಕ್ಕೆ ಹಾರಿಸಿದ ಗುಂಡು ತಪ್ಪಿದರೆ ಎಲ್ಲಿ ಬೀಳುತ್ತದೆ ಎಂದು ಹೇಳುವವರಿಲ್ಲ. ಪಕ್ಕದ ತೋಟದಲ್ಲಿ ಯಾರೋ ಸೋಗೆ ಆಯುತ್ತಿರುತ್ತಾರೆ. ರೈಫಲ್ ಯಾವಾಗಲೂ ತುಂಬಿದೆ ಎಂದೇ ತಿಳಿಯಿರಿ. ನಳಿಗೆ ಗುರಿಯ ಕಡೆಗೆ ಮಾತ್ರ ಇರಲಿ. ಹೊಡೆಯುವ ಕ್ಷಣದ ತನಕ ಬೆರಳು ಟ್ರಿಗರಿನ ಹೊರಗಿರಲಿ. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಿಡಿ. ಈ ನಾಲ್ಕು ಮಾತು ಒಪ್ಪದವರಿಗೆ ಯಾವ ರೈಫಲೂ ಬೇಡ.

ಕೆಲಸ ಸಿಗುತ್ತದೆಯೇ?

ಓದುವ ಬಹುಪಾಲು ಗೆಳೆಯರ ಪ್ರಶ್ನೆ ಇದೇ ಎಂದು ಗೊತ್ತು. ರೈಲ್ವೆ, ಸೇನೆ, ಪೊಲೀಸ್‌ನಲ್ಲಿ ಕ್ರೀಡಾಪಟುಗಳಿಗೆ ನೇಮಕಾತಿ ಇದೆ. ಸ್ವಪ್ನಿಲ್ ಕುಸಾಳೆ ಕೂಡ ರೈಲ್ವೆಯಲ್ಲಿ ಟಿಕೆಟ್ ತಪಾಸಕರಾಗಿದ್ದುಕೊಂಡೇ ಪ್ಯಾರಿಸ್ಸಿಗೆ ಹೋದವರು. ಆದರೆ ಆ ಅಧಿಸೂಚನೆಗಳು ಕೇಳುವುದು ಮಾನ್ಯತೆ ಪಡೆದ ಚಾಂಪಿಯನ್‌ಷಿಪ್‌ನ ಸಾಧನೆಯನ್ನು, ರೈಫಲಿನ ಬಿಲ್ಲನ್ನಲ್ಲ. ದಾರಿ ರಾಜ್ಯ ಚಾಂಪಿಯನ್‌ಷಿಪ್, ಆಮೇಲೆ ಜಿ.ವಿ. ಮಾವಳಂಕರ್‌ನಂಥ ಅರ್ಹತಾ ಕೂಟ, ಆಮೇಲೆ ರಾಷ್ಟ್ರೀಯ ಕೂಟ. ವರ್ಷಗಟ್ಟಲೆ ಹಿಡಿಯುತ್ತದೆ.

ಕಾಲೇಜಿನಲ್ಲಿರುವವರಿಗೆ ಹತ್ತಿರದ ದಾರಿ ಎನ್‌ಸಿಸಿ. ಗುಂಡು, ರೈಫಲ್, ಕಲಿಸುವವರು ಎಲ್ಲ ಸರ್ಕಾರದ್ದೇ. ಚೆನ್ನಾಗಿ ಹೊಡೆಯುವವರು ದೆಹಲಿಯ ಥಲ ಸೈನಿಕ ಶಿಬಿರದ ಶೂಟಿಂಗ್ ತಂಡದವರೆಗೆ ಹೋಗಬಹುದು. ‘ಸಿ’ ಪ್ರಮಾಣಪತ್ರದಲ್ಲಿ ‘ಬಿ’ ಗ್ರೇಡಾದರೂ ಇದ್ದು, ಪದವಿಯಲ್ಲಿ ಶೇ 50 ಅಂಕ ಇದ್ದರೆ, ಸೇನೆಯ ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ ಸಂದರ್ಶನಕ್ಕೆ ಅರ್ಜಿ ಹಾಕಬಹುದು. ನಾನು ಅದಕ್ಕೂ ಓದುತ್ತಿದ್ದೇನೆ. ಶೂಟಿಂಗ್ ಒಂದನ್ನೇ ನಂಬಿಕೊಂಡು ಕೂತಿಲ್ಲ, ಕೂರಲೂಬಾರದು.

ಅಪ್ಪನ ಲೆಕ್ಕ

ಕೋಚ್ ನನಗೊಂದು ಷರತ್ತು ಹಾಕಿದ್ದಾರೆ. ಕ್ಲಬ್ಬಿನ ರೈಫಲಿನಲ್ಲಿ ಹತ್ತು ವಾರ ಸತತವಾಗಿ 600 ದಾಟಿದರೆ ಮಾತ್ರ ಸ್ವಂತ ರೈಫಲಿನ ಮಾತು. ಅದಕ್ಕಿಂತ ಕೆಳಗೆ ತಪ್ಪುವುದೆಲ್ಲ ಕೈಯ ತಪ್ಪು, ಅದಕ್ಕೆ ಅಪ್ಪ ದುಡ್ಡು ಕೊಡಬೇಕಾಗಿಲ್ಲ ಎಂದರು. ತಿಂಗಳಿಗೆ ಎರಡು ಭಾನುವಾರ ರೈಲು, ಉಳಿದ ದಿನ ಅಟ್ಟದ ಕೆಳಗೆ. ಮೊದಲ ಸಲ 60 ಗುಂಡು ಹೊಡೆದಾಗ ಬಂದದ್ದು 498. ಹೋದ ಭಾನುವಾರ 582.3.

ಈ ವರ್ಷ ಅಟ್ಟದಿಂದ ಕಾಯಿ ಇಳಿಸಿದೆವು. ಸುಲಿಯುವವರ ನಡುವೆ ಕೂತ ಅಪ್ಪ, ಕೈಯಲ್ಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ ಕೇಳಿದರು: ‘ಏನವ್ವಾ, ನಿನ್ನ ಬಂದೂಕಿನ್ ಕಥೆ ಏನಾಯ್ತು?’

‘ಇನ್ನೂ ಹದಿನೆಂಟು ಅಂಕ ಬಾಕಿ ಇದೆ ಅಪ್ಪ.’

ಅವರು ಆ ಕಾಯಿಯನ್ನು ಪಕ್ಕದ ರಾಶಿಗೆ ಹಾಕಿದರು. ಅದು ಇನ್ನೂ ಒಣಗಬೇಕಾದವುಗಳ ರಾಶಿ.

‘ಆಗ್ಲಿ. ಇದೂ ಅಟ್ಟಕ್ಕೆ ವಾಪಸ್ ಹೋಗ್ತದೆ’ ಎಂದರು.